ಶೇಕಡಾ ನೂರರ ಕೈಗುಣ

ತೆಲುಗು ಸೀಮೆಯ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದುಗಡೆ ಗದಿಗೆಮ್ಮ ಜೋಳದ ರೊಟ್ಟಿಯ ಮೆಸ್ಸು ಇಟ್ಟಿದ್ದಳು. ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ದಿನಕ್ಕೊಂದು ಏಳುತ್ತಿದ್ದ ಕಾಲ. ಅವಕ್ಕೆ ಇಟ್ಟಿಗೆ ಹೊರಲು ಲಿಂಗಸುಗೂರಿನಿಂದ ಬಂದವಳು ಈಗ ಅವುಗಳ ಒಳಗೆ ಕೂತು ಕೀಲಿಮಣೆ ಕುಟ್ಟುವ ನಲವತ್ತು ಹುಡುಗರಿಗೆ ಅನ್ನದಾತೆ. ಮೈಸೂರು, ಬೆಂಗಳೂರು, ಕುಂದಾಪುರದ ಹುಡುಗರು. ಮೊದಲ ವಾರ ರೊಟ್ಟಿ ಮುರಿಯಲು ಎರಡೂ ಕೈ ಹಾಕಿದವರು ಎರಡನೇ ತಿಂಗಳಿಗೆ ಹಸಿ ಉಳ್ಳಾಗಡ್ಡಿ ಕೇಳಿ ತಿನ್ನುವಷ್ಟು ಮನುಷ್ಯರಾಗಿದ್ದರು. ಜೊತೆಗೆ ರೊಟ್ಟಿ ಬಡಿಯಲು ಶಿವದೇವಿ ಇದ್ದಳು. ಹೋದ ವರ್ಷದವರೆಗೆ ಕೂಲಿಯವರು ನಿಲ್ಲುವ ಅಡ್ಡಾದಲ್ಲಿ ನಿಲ್ಲುತ್ತಿದ್ದವಳು, ಕಟ್ಟಡದ ಸಾರವೆಯಿಂದ ಜಾರಿ ಸೊಂಟ ಕೆಟ್ಟ ಮೇಲೆ ಈ ಒಲೆಯ ಮುಂದೆ ಬಂದು ಕೂತಿದ್ದಳು.

ಕೈಗುಣದ ಗಲಾಟೆ ಶುರುವಾದದ್ದು ಮೈಸೂರಿನ ಮನೋಜನಿಂದ. ಒಂದು ಶುಕ್ರವಾರ ಗೋವಾ ಬಸ್ಸಿಗೆ ಹೊತ್ತಾಯಿತೆಂದು ಊಟ ಬಿಟ್ಟು ಓಡುತ್ತಿದ್ದವನನ್ನು ಗದಿಗೆಮ್ಮ ಬಾಗಿಲಲ್ಲಿ ತಡೆದು, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಮಡಚಿ ಕೈಯಲ್ಲಿಟ್ಟಳು. ಸೋಮವಾರ ಬಂದವನು ಅವಳ ಕಾಲಿಗೇ ಬಿದ್ದ. ಅಲ್ಲಿ ನದಿಯ ಮೇಲೆ ಹಡಗಿನಲ್ಲಿ ಕ್ಯಾಸಿನೊ ಇದೆಯಂತೆ, ಚಕ್ರ ತಿರುಗಿಸಿ ಜೂಜಾಡುತ್ತಾರಂತೆ, ಇವನು ಒಂದು ಬೈಕಿಗಾಗುವಷ್ಟು ಗೆದ್ದನಂತೆ.

“ಆಟ ಹೆಂಗ?” ಎಂದಳು ಗದಿಗೆಮ್ಮ.

“ಮೂವತ್ತೇಳು ಮನೆ ಇರ್ತವೆ ಅಕ್ಕಾ. ಹದಿನೆಂಟು ಕೆಂಪು, ಹದಿನೆಂಟು ಕಪ್ಪು. ಕೆಂಪು ಆರು ಸಲ ಬಂತು ಅಂದ್ರೆ ಏಳನೇದು ಕಪ್ಪು ಬರಲೇಬೇಕು. ಜನ ಎಲ್ಲ ಮುತ್ಕೊಂಡು ಬಂದ ಬಣ್ಣಾನ ಚೀಟೀಲಿ ಬರೀತಾ ಇರ್ತಾರೆ.”

“ಚಕ್ರಾನೂ ಬರಕೊಂಡಿರತೈತೇನು?”

ಮನೋಜ ನಕ್ಕ.

“ಹದಿನೆಂಟು ಹದಿನೆಂಟು ಮೂವತ್ತಾರಾತು. ಇನ್ನೊಂದು ಮನಿ ಯಾರದು?”

“ಅದು ಹಸಿರು. ಅದು ಬಂದ್ರೆ ದುಡ್ಡು ಕ್ಯಾಸಿನೊದವರಿಗೆ.”

“ಅಂದ್ರ ಅವರ ಮನ್ಯಾಗ ಅವರ ಚಕ್ರ ತಿರುಗಿಸಾಕ ನೀ ಇಲ್ಲಿಂದ ಬಸ್ ಹಿಡದು ಹೋಗತಿ.”

ಗದಿಗೆಮ್ಮನಿಗೆ ಜೂಜು ಹೊಸದಲ್ಲ. ತೀರಿಕೊಂಡ ಗಂಡ ಬೂದೆಪ್ಪ ಇಸ್ಪೀಟಿನಲ್ಲಿ ಪಂಡಿತ. ಎದುರಿನವನ ಕೈಯಲ್ಲಿ ಯಾವ ಎಲೆ ಇದೆಯೆಂದು ಮುಖ ನೋಡಿ ಹೇಳುತ್ತಿದ್ದ. ಯಾವಾಗ ಏಳಬೇಕೆಂಬುದೊಂದನ್ನು ಬಿಟ್ಟು ಎಲ್ಲ ಗೊತ್ತಿತ್ತು. ಗೆದ್ದ ದಿನ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ಓಣಿಗೆಲ್ಲ ಕೇಳುವಂತೆ ಬರುತ್ತಿದ್ದ. ಸೋತ ದಿನ ಹಿತ್ತಲ ಬಾಗಿಲಿಂದ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಓಣಿಯವರ ಪ್ರಕಾರ ಬೂದೆಪ್ಪ ಸಾಯುವವರೆಗೂ ಸೋತವನೇ ಅಲ್ಲ.

ಮುಂದಿನ ಶುಕ್ರವಾರ ಮೂವರು ಬಾಗಿಲಲ್ಲಿ ಕೈಯೊಡ್ಡಿ ನಿಂತರು. ಅದರ ಮುಂದಿನ ವಾರ ಹನ್ನೊಂದು ಮಂದಿ. ತಟ್ಟೆಗೆ ಹಾಕಿದರೆ ನಡೆಯದು, ರೊಟ್ಟಿ ಅವಳ ಬಲಗೈಯಿಂದ ಇವರ ಬಲಗೈಗೇ ಬೀಳಬೇಕು. “ನಂಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಅಕ್ಕಾ” ಎಂದು ಪ್ರತಿಯೊಬ್ಬನೂ ಹೇಳುತ್ತಿದ್ದ. ಹೇಳುತ್ತಲೇ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಚಾಚುತ್ತಿದ್ದ.

ಇದಕ್ಕೆ ಶಾಸ್ತ್ರದ ಮುದ್ರೆ ಒತ್ತಿದವನು ಕುಂದಾಪುರದ ವಿಠಲ. ಸಂಖ್ಯಾಶಾಸ್ತ್ರದಲ್ಲಿ ಚಿನ್ನದ ಪದಕ ತೆಗೆದುಕೊಂಡವನು, ಊಟಕ್ಕೆ ಕೂತರೂ ಲ್ಯಾಪ್‌ಟಾಪ್ ತೊಡೆಯ ಮೇಲೆ. ಪ್ರತಿ ಸೋಮವಾರ ಸಂಜೆ ಊಟಕ್ಕೆ ಕೂತವರನ್ನು ಒಬ್ಬೊಬ್ಬರಾಗಿ ಕೇಳಿ, ಗೋವಾಕ್ಕೆ ಹೋಗಿ ಗೆದ್ದವರೆಷ್ಟು, ಸೋತವರೆಷ್ಟು ಎಂದು ಎಕ್ಸೆಲ್ ಶೀಟು ಮಾಡಿ, ಪ್ರಿಂಟ್ ತೆಗೆದು ಕೈ ತೊಳೆಯುವ ತೊಟ್ಟಿಯ ಮೇಲೆ ಅಂಟಿಸುತ್ತಿದ್ದ. ಮೊದಲ ವಾರ ಶೇಕಡಾ ಎಪ್ಪತ್ತು ಗೆಲುವು. ಮೂರನೇ ವಾರ ತೊಂಬತ್ತು.

ಗದಿಗೆಮ್ಮನಿಗೆ ಓದಲು ಬರುತ್ತಿರಲಿಲ್ಲ, ಆದರೆ ತೊಳೆಯುವಾಗ ತಟ್ಟೆ ಎಣಿಸುವ ರೂಢಿಯಿತ್ತು. ನಲವತ್ತಿದ್ದದ್ದು ಮೂವತ್ತನಾಲ್ಕಾಯಿತು. ಆಮೇಲೆ ಇಪ್ಪತ್ತು. ರೊಟ್ಟಿ ದಪ್ಪವಾಯಿತೇ, ಪುಂಡಿಪಲ್ಯಕ್ಕೆ ಖಾರ ಹೆಚ್ಚಾಯಿತೇ ಎಂದು ತಲೆ ಕೆಡಿಸಿಕೊಂಡಳು. ಕೊನೆಗೆ ವಿಠಲನೂ ಬರುವುದು ನಿಲ್ಲಿಸಿದ. ಶೀಟು ಅಂಟಿಸುವ ಕೆಲಸ ಮನೋಜನ ಪಾಲಿಗೆ ಬಂತು.

“ಅಕ್ಕಾ, ಈ ವಾರ ಶೇಕಡಾ ನೂರು” ಎಂದು ಅವನು ಹಿಗ್ಗಿನಿಂದ ಕೂಗಿದ.

“ನೂರಂದ್ರ ಎಷ್ಟು ಮಂದಿ?”

“ನೂರಕ್ಕೆ ನೂರು ಅಕ್ಕಾ.”

“ಮಂದಿ ಎಷ್ಟಂತ ಕೇಳಿದೆ.”

ಮನೋಜ ಸುತ್ತ ನೋಡಿದ. “ಒಂಬತ್ತು.”

ಆ ದಿನ ಶಿವದೇವಿ ತನ್ನ ಸೀರೆ, ಚೊಂಬು ಗಂಟು ಕಟ್ಟಿಟ್ಟಳು. “ಒಂಬತ್ತು ಮಂದಿಗೆ ಇಬ್ಬರು ಯಾಕ್ರಿ ಅಕ್ಕಾ. ನಾ ನಾಳೆ ಅಡ್ಡಾಕ್ಕ ಹೋಗತೀನಿ” ಎಂದಳು. ಎದ್ದು ನಿಲ್ಲಲು ಅವಳು ಗೋಡೆ ಹಿಡಿಯಬೇಕಿತ್ತು. ಗದಿಗೆಮ್ಮ ಗಂಟನ್ನು ಕಿತ್ತು ಅಟ್ಟಕ್ಕೆ ಎಸೆದಳು.

ಬುಧವಾರ ಸಂಜೆ ಅವಳು ರಸ್ತೆ ದಾಟಿ ಎದುರಿನ ಆಂಧ್ರ ಮೆಸ್ಸಿಗೆ ಹೋದಳು. ನೋಡಿದರೆ ಅವಳ ಮಂದಿಯೆಲ್ಲ ಅಲ್ಲಿ. ಮೂವತ್ತೊಂದು ಜನ, ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು, ಅನ್ನದ ಗುಡ್ಡದ ಹಿಂದೆ ಮುಖ ಮರೆಸಿಕೊಂಡು ತೆಲುಗರ ಬೇಳೆ ಪಪ್ಪು ಕಲಸುತ್ತಿದ್ದರು. ಅವಳನ್ನು ಕಂಡದ್ದೇ ತಲೆಗಳು ಇನ್ನೂ ಬಗ್ಗಿದವು.

“ನನ್ನ ರೊಟ್ಟ್ಯಾಗ ಏನು ದೋಷ ಐತಿ ಹೇಳ್ರಿ, ಹೋಗತೀನಿ.”

“ನಿಮ್ಮದಲ್ಲ ಅಕ್ಕಾ, ನಂದು” ಎಂದು ಹತ್ತಿರದ ಹುಡುಗ ಗೊಣಗಿದ. “ನಿಮ್ಮ ಕೈಯ ರೊಟ್ಟಿ ತಿಂದೋರೆಲ್ಲ ಗೆದ್ರು, ನಾನೊಬ್ಬನೇ ಸೋತೆ. ಶೀಟ್ ಮುಂದೆ ಯಾವ ಮುಖ ಹೊತ್ಕೊಂಡು ಬರಲಿ?”

ಗದಿಗೆಮ್ಮನಿಗೆ ಬೂದೆಪ್ಪನ ಹಿತ್ತಲ ಬಾಗಿಲು ಕಿರುಗುಟ್ಟಿದ ಸದ್ದು ಕೇಳಿದಂತಾಯಿತು. ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ನನ್ನ ರೊಟ್ಟಿ ತಿಂದು ಹೋಗಿ ಸೋತವರು ಕೈ ಎತ್ರಿ.”

ಮೊದಲು ಒಂದು ಕೈ ಎದ್ದಿತು. ಆಮೇಲೆ ಮೂರು. ಆಮೇಲೆ ಅನ್ನ ಮೆತ್ತಿಕೊಂಡ ಕೈಗಳು ಒಂದೊಂದಾಗಿ ಎಲ್ಲ ಮೂಲೆಗಳಿಂದ ಎದ್ದವು. ಎತ್ತಿದವರು ಒಬ್ಬರನ್ನೊಬ್ಬರು ಪಿಳಿಪಿಳಿ ನೋಡಿದರು. ಒಂದೇ ಆಫೀಸಿನಲ್ಲಿ ಅಕ್ಕಪಕ್ಕ ಕೂರುವ ಈ ಬುದ್ಧಿವಂತರು ಎರಡು ತಿಂಗಳು ಒಬ್ಬರಿಗೊಬ್ಬರು ಬಾಯಿ ಬಿಟ್ಟಿರಲಿಲ್ಲ. ಕಟ್ಟಕಡೆಗೆ ಕಂಬದ ಹಿಂದಿನಿಂದ ವಿಠಲನ ಕೈ ಎದ್ದಿತು.

“ನೀನೂ ಏನು? ನಿಂದ್ಯಾಕ ಬರೀಲಿಲ್ಲ ಅದರಾಗ?”

“ಅದು ನಿಮ್ಮ ಮೆಸ್ಸಿನಲ್ಲಿ ಊಟ ಮಾಡುವವರ ಪಟ್ಟಿ ಅಕ್ಕಾ” ಎಂದ ಆ ಚಿನ್ನದ ಪದಕದವನು. “ಸೋತ ಮೇಲೆ ನಾನು ಅಲ್ಲಿ ಊಟ ಮಾಡಲಿಲ್ಲ.”

ಅವಳು ಬೈದಳು. ಲಿಂಗಸುಗೂರಿನಲ್ಲಿ ಎಷ್ಟು ಬೈಗುಳ ಇವೆಯೋ ಅಷ್ಟನ್ನೂ ಬಡಿಸಿದಳು. ಹುಡುಗರು ತಲೆದೂಗಿ, ತಪ್ಪಾಯಿತು, ನಾಳೆಯಿಂದಲೇ ಬರುತ್ತೇವೆ ಎಂದರು. ಅಷ್ಟರಲ್ಲಿ ವಿಠಲ ಅನ್ನದ ಕೈಯಲ್ಲೇ ಗಾಳಿಯಲ್ಲಿ ಏನೋ ಬರೆಯುತ್ತ ನಿಂತ.

“ಒಂದ್ನಿಮಿಷ. ಈ ಪಪ್ಪು ತಿಂದು ಗೋವಾಕ್ಕೆ ಹೋದವರಲ್ಲಿ ಇವತ್ತಿನವರೆಗೆ ಒಬ್ಬರೂ ಸೋತಿಲ್ಲ.”

“ಪಪ್ಪು ತಿಂದು ಯಾರೂ ಹೋಗೇ ಇಲ್ವಲ್ಲೋ” ಎಂದ ಒಬ್ಬ.

“ಅದೇ ನಾನು ಹೇಳೋದು” ಎಂದ ವಿಠಲ.

ಮೂವತ್ತೊಂದು ಜೊತೆ ಕಣ್ಣು ಮಿನುಗಿದವು. ಆ ಮಿನುಗು ಗದಿಗೆಮ್ಮನಿಗೆ ಇಪ್ಪತ್ತು ವರ್ಷದ ಪರಿಚಯ. ಹೇಳಿ ಪ್ರಯೋಜನವಿಲ್ಲವೆಂದು ರಸ್ತೆ ದಾಟಿ ವಾಪಸು ಬಂದಳು. ಶುಕ್ರವಾರ ಆ ಮೂವತ್ತೊಂದು ಜನ ಆಂಧ್ರ ಮೆಸ್ಸಿನವನ ಕೈಯಿಂದ ಒಂದೊಂದು ಸೌಟು ಪಪ್ಪು ಹಾಕಿಸಿಕೊಂಡು ಬಸ್ಸು ಹತ್ತಿದರು.

ಭಾನುವಾರ ಗದಿಗೆಮ್ಮ ಡಬ್ಬಿಯಲ್ಲಿದ್ದ ದುಡ್ಡನ್ನೆಲ್ಲ ಬಳಿದು ಜೋಳ ತಂದು ಗಿರಣಿಗೆ ಹಾಕಿಸಿದಳು. ನಲವತ್ತು ಮಂದಿಗೆ ಆಗುವಷ್ಟು.

“ಯಾರು ಬರತಾರಂತ ಇಷ್ಟು ಬೀಸಿಸೀರಿ?” ಶಿವದೇವಿಗೆ ಗಾಬರಿ. “ಹಿಟ್ಟು ಹಳೇದಾದ್ರ ಜಿಗಿ ಹೋಗತೈತಿ, ರೊಟ್ಟಿ ಸೀಳತಾವ.”

“ಹಳೇದಾಗಂಗಿಲ್ಲ. ನೀ ನಾಳೆ ಸಂಜಿಗೆ ಎರಡೂ ಒಲಿ ಹೊತ್ತಿಸು.”

ಗದಿಗೆಮ್ಮ ಜನ್ಮದಲ್ಲಿ ಕಟ್ಟಿದ ಮೊದಲ ಬಾಜಿ ಅದು. ತಪ್ಪಿದರೆ ಮೆಸ್ಸೂ ಇಲ್ಲ, ಶಿವದೇವಿ ಮತ್ತೆ ಅಡ್ಡಾದಲ್ಲಿ.

ಸೋಮವಾರ ಸಂಜೆ ಏಳಾಯಿತು. ಆ ಒಂಬತ್ತು ಮಂದಿ ಬಂದು ಕೂತರು. ಏಳೂವರೆಗೆ ಬಾಗಿಲಲ್ಲಿ ಒಂದು ನೆರಳು. ಹಿಂದೆ ಇನ್ನೊಂದು. ಒಬ್ಬರ ಮುಖ ಒಬ್ಬರು ನೋಡದೆ, ಚಪ್ಪಲಿ ಸದ್ದು ಮಾಡದೆ ಒಳಗೆ ಬಂದು, ತಾವೇ ತಟ್ಟೆ ಎತ್ತಿಕೊಂಡು ಸಾಲಾಗಿ ಕೂತರು. “ಆ ಪಪ್ಪಿನಲ್ಲಿ ಏನೂ ಇಲ್ಲ ಅಕ್ಕಾ” ಎಂದ ಒಬ್ಬ. ಗದಿಗೆಮ್ಮ ರೊಟ್ಟಿಯನ್ನು ಯಾರ ಕೈಗೂ ಕೊಡದೆ ತಟ್ಟೆಗೆ ಹಾಕುತ್ತ ಹೋದಳು. ಹೊಗೆಯ ನೆಪದಲ್ಲಿ ಎರಡು ಸಲ ಕಣ್ಣೊರೆಸಿಕೊಂಡಳು.

ಎಲ್ಲ ಮುಗಿದ ಮೇಲೆ ಶಿವದೇವಿ ತಟ್ಟೆ ಎಣಿಸಿದಳು. “ಮೂವತ್ತೊಂಬತ್ತು. ಒಂದು ಕಮ್ಮಿ ಅಕ್ಕಾ.”

ಗದಿಗೆಮ್ಮ ಬಾಗಿಲಿಗೆ ಬಂದು ಎದುರಿಗೆ ನೋಡಿದಳು. ಖಾಲಿ ಆಂಧ್ರ ಮೆಸ್ಸಿನಲ್ಲಿ ವಿಠಲ ಕುರ್ಚಿ ಹತ್ತಿ ನಿಂತು ಗೋಡೆಗೆ ಒಂದು ಹಾಳೆ ಅಂಟಿಸುತ್ತಿದ್ದ. ಗೆದ್ದು ಬಂದಿದ್ದ ಪಾಪ. ಹಾಳೆಯಲ್ಲಿ ಏನು ಬರೆದಿದೆಯೆಂದು ತಿಳಿಯಲು ಅವಳಿಗೆ ಓದು ಬರಬೇಕಿರಲಿಲ್ಲ.

“ಅವನ ತಟ್ಟಿ ತೊಳೆದು ಮ್ಯಾಲಿಡು” ಎಂದಳು ಶಿವದೇವಿಗೆ. “ಇನ್ನೆರಡು ವಾರಕ್ಕ ಬೇಕಾಗತೈತಿ.”