ಹತ್ತು ಮನೆಯ ಅರಿವೆ

ಸವಣೂರಿನಂಥ ಊರಿನಲ್ಲಿ ಕೌದಿ ಮಾರುವ ಅಂಗಡಿ ಇಡುತ್ತೇನೆಂದು ಭಾಗೀರಥಿಬಾಯಿ ಹೇಳಿದಾಗ ನಗದೇ ಉಳಿದವರು ಇಬ್ಬರೇ. ಒಬ್ಬಳು ಹುಚ್ಚವ್ವ. ಕೌದಿ ಹೊಲಿಯುವುದರಲ್ಲಿ ಅವಳದು ಪಳಗಿದ ಕೈ. ಬಿತ್ತಿಗೆ ಮುಗಿದ ದಿನಗಳಲ್ಲಿ ಕೂತು ಮಾಡುವ ಕೆಲಸ ಸಿಗುತ್ತದೆಂದರೆ ಅವಳು ಯಾಕೆ ನಗುತ್ತಾಳೆ? ಇನ್ನೊಬ್ಬಳು ಸ್ವತಃ ಭಾಗೀರಥಿಬಾಯಿ. ಉಳಿದವರಿಗೆಲ್ಲ ಅದು ಹೊಳೆಯ ದಂಡೆಯಲ್ಲಿ ಕೂತು ನೀರು ಮಾರುವ ಮಾತಾಗಿತ್ತು. ಆ ಸೀಮೆಯಲ್ಲಿ ಕೌದಿ ಇಲ್ಲದ ಮನೆ ಎಲ್ಲಿದೆ? ಉಟ್ಟು ಹಳತಾದ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಸಾಲು ಹಿಡಿದು ಹೊಲಿದರೆ ಕೌದಿ. ಅಜ್ಜಿಯ ಸೀರೆಯ ಮೇಲೆ ಮಲಗಿ, ಅವ್ವನ ಸೀರೆ ಹೊದ್ದು ಬೆಳೆದ ಜನ ಅದನ್ನು ಅಂಗಡಿಯಲ್ಲಿ ಕೊಳ್ಳುತ್ತಾರೆಯೇ?

ಎಪ್ಪತ್ತೊಂಬತ್ತನೆಯ ಇಸವಿಯ ಮಾತು. ಭಾಗೀರಥಿಬಾಯಿಯ ಗಂಡ ಸಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದವರು, ತೀರಿಕೊಂಡು ಹದಿಮೂರು ವರ್ಷವಾಗಿತ್ತು. ಮೂರು ಮಕ್ಕಳನ್ನು ಕಟ್ಟಿಕೊಂಡು ಅವಳು ಮೈದುನ ವೆಂಕಟೇಶನ ಮನೆ ಸೇರಿದ್ದಳು. ಮೈದುನ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಕತೆಗಳಲ್ಲಿ ಮೈದುನರಿಗೆ ಒಳ್ಳೆಯ ಹೆಸರಿಲ್ಲ. ವಕೀಲಿ ಮಾಡುತ್ತಿದ್ದ ಅವನು ಅಣ್ಣನ ಹೆಣ್ಣುಮಕ್ಕಳಿಬ್ಬರನ್ನೂ, ಒಬ್ಬಳನ್ನು ಹಾನಗಲ್ಲಿಗೆ, ಇನ್ನೊಬ್ಬಳನ್ನು ಹಿರೇಕೆರೂರಿಗೆ, ತಾನೇ ಮುಂದೆ ನಿಂತು ಮದುವೆ ಮಾಡಿ ಕೊಟ್ಟಿದ್ದ. ಕೊನೆಯವನು ಗುರುರಾಜ ಧಾರವಾಡದಲ್ಲಿ ಓದುತ್ತಿದ್ದ. ಉಣ್ಣುವುದಕ್ಕೆ, ಉಡುವುದಕ್ಕೆ ಆ ಮನೆಯಲ್ಲಿ ಯಾರೂ ಕಡಿಮೆ ಮಾಡಿರಲಿಲ್ಲ.

ಕಡಿಮೆಯಾದದ್ದು ಬೇರೆ. ಆ ಮನೆಯಲ್ಲಿ ಭಾಗೀರಥಿಬಾಯಿಯ ಜಾಗ ಅಡಿಗೆಮನೆ ಮತ್ತು ಹಿತ್ತಿಲು. ಶುಭಕಾರ್ಯವಿದ್ದರೆ ಹೋಳಿಗೆಗೆ ಹೂರಣ ರುಬ್ಬುವವಳು ಅವಳು, ಅಕ್ಷತೆ ಬೀಳುವ ಹೊತ್ತಿಗೆ ಬಾಗಿಲ ಮರೆಯಲ್ಲಿ ನಿಲ್ಲುವವಳೂ ಅವಳೇ. ಯಾರಾದರೂ ಊರಿಗೆ ಹೊರಟರೆ ಎದುರು ಬರಬಾರದು, ಬಸುರಿಗೆ ಕುಬಸ ಮಾಡಿ ಉಡಿ ತುಂಬುವ ದಿನ ಪಡಸಾಲೆಗೆ ಬರಬಾರದು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅವಳೇ ಸರಿದು ನಿಲ್ಲುತ್ತಿದ್ದಳು. ರಜೆಗೆ ಬಂದ ಮಗ ಚೀಲ ಹೆಗಲಿಗೇರಿಸಿಕೊಂಡೇ ಮನೆಯ ಪಕ್ಕದ ಸಂದಿಯಿಂದ ಸೀದಾ ಹಿತ್ತಿಲಿಗೆ ಬಂದು "ಅವ್ವಾ" ಎನ್ನುತ್ತಿದ್ದ. ಅವ್ವ ಎಲ್ಲಿರುತ್ತಾಳೆಂದು ಅವನಿಗೆ ಗೊತ್ತಿತ್ತು. ಅದೇ ಅವಳಿಗೆ ಚುಚ್ಚುತ್ತಿತ್ತು. ಮಗ ಬೀದಿಯಿಂದ ಬಂದು ಕೂಗಿದರೆ ಓ ಎನ್ನುವಂಥ ಜಾಗದಲ್ಲಿ ತಾನೊಮ್ಮೆ ಕೂತಿರಬೇಕು ಎನ್ನುವುದು ಅವಳ ಆಸೆ. ಅಂಗಡಿ ಅಂದದ್ದು ಅದಕ್ಕೇ. ವ್ಯಾಪಾರದ ಗಂಧ ಅವಳಿಗೆ ಇರಲಿಲ್ಲ.

ಮನೆಯ ಮುಂದಿನ ಕಟ್ಟೆಗೆ ಹೊಂದಿಕೊಂಡು ಒಂದು ಸಣ್ಣ ಖೋಲಿಯಿತ್ತು. ಒಂದು ಬಾಗಿಲು ಬೀದಿಗೆ, ಇನ್ನೊಂದು ಬಾಗಿಲು ಮನೆಯೊಳಕ್ಕೆ. ಅದನ್ನೇ ಕೇಳಿದಳು.

"ದೀಪಾವಳಿ ಪಾಡ್ಯದ ತನಕಾ ನೋಡ್ರಿ ವೈನಿ," ಅಂದ ವೆಂಕಟೇಶ. "ನಡದ್ರ ನಡೀಲಿ. ಇಲ್ಲಂದ್ರ ನನ್ನ ಕೈಕೆಳಗಿನ ಹುಡುಗ ವಕೀಲಗ ಕೂಡ್ಲಿಕ್ಕೆ ಆ ಖೋಲಿ ಬೇಕು."

ಅವನ ಹೆಂಡತಿ ಮನೋರಮಾ ಹೂ ಕಟ್ಟುತ್ತ ಅಲ್ಲೇ ಕೂತಿದ್ದಳು. "ಮುಂಜಾನೆ ಕಕ್ಷಿದಾರ್ರು ಬರೂ ಹೊತ್ತಿಗೆ ಎದುರಿಗೇ ಅಕ್ಕಾ ಕೂತಿದ್ರ..." ಎಂದು ಮಾತನ್ನು ಅರ್ಧಕ್ಕೆ ಬಿಟ್ಟಳು. ಅವಳ ಅರ್ಧ ಮಾತುಗಳನ್ನು ಪೂರ್ತಿ ಮಾಡಿಕೊಳ್ಳುವ ಅಭ್ಯಾಸ ಭಾಗೀರಥಿಬಾಯಿಗೆ ಹದಿಮೂರು ವರ್ಷದ್ದು. ಪೂರ್ತಿ ಮಾಡಿಕೊಂಡಳು, ನುಂಗಿಕೊಂಡಳು, ಆದರೆ ಖೋಲಿ ಬೇಡ ಅನ್ನಲಿಲ್ಲ.

ಶ್ರಾವಣದಲ್ಲಿ ಅಂಗಡಿ ತೆರೆಯಿತು. ದೇವರಿಗೆ ಹೂಬತ್ತಿ, ಗೆಜ್ಜೆವಸ್ತ್ರ, ಕೈಯಲ್ಲಿ ಹೊಸೆದ ಶಾವಿಗೆ ಒಂದು ಕಡೆ, ಗೋಡೆಯುದ್ದಕ್ಕೂ ಕೌದಿ. ಕೌದಿಗೆ ಬೇಕಾದ ಅರಿವೆಯನ್ನು ಬಂಕಾಪುರದ ಅಲ್ಲಾಭಕ್ಷನಿಂದ ತರಿಸಿದ್ದಳು. ಅವನು ಊರೂರು ತಿರುಗಿ, ಹಳೆ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವವನು. ಭಾಗೀರಥಿಬಾಯಿ ಗಟ್ಟಿಯಾದದ್ದನ್ನೇ ಆರಿಸಿ, ಬಿಸಿನೀರಿನಲ್ಲಿ ನೆನೆಸಿ, ಒಗೆದು, ಬಿಸಿಲಿಗೆ ಹಾಕಿ, ಮತ್ತೆ ಒಗೆದಳು. ಮಡಿಯಲ್ಲಿ ಬೆಳೆದವಳಿಗೆ ಒಗೆದದ್ದೆಲ್ಲ ಶುದ್ಧ. ಹುಚ್ಚವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಹೊಲಿದಳು. ಗಿಣಿಹಸಿರು, ಅರಿಷಿಣ, ಕುಸುಬಿಯ ಕೆಂಪು ತುಂಡುಗಳು ಸೇರಿ ಕೌದಿಗಳು ನೋಡಲು ಚಂದವಾಗಿಯೇ ಇದ್ದವು.

ಜನ ಬಂದರು. ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲವಲ್ಲ. ಕೌದಿಯ ಮೇಲೆ ಕೈಯಾಡಿಸಿ, ಹೊಲಿಗೆ ಎಳೆದು ನೋಡಿ, ಭಲೆ ಎಂದು, ಕೊನೆಗೆ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: "ಇವು ಯಾರ ಸೀರಿ ಅದಾವ್ರಿ?"

"ಒಗದು ಸ್ವಚ್ಛ ಮಾಡೀನಿ," ಎನ್ನುತ್ತಿದ್ದಳು ಭಾಗೀರಥಿಬಾಯಿ.

"ಒಗದೀರಿ ಖರೆ. ಆದ್ರ ಯಾರವು?"

ಯಾರ ಮೈಮೇಲಿನದು, ಇದ್ದವರದೋ ಸತ್ತವರದೋ, ಯಾವ ರೋಗದ್ದೋ, ಯಾರ ಕಣ್ಣೀರು ಒರೆಸಿದ್ದೋ? ಅವರು ಕೇಳುತ್ತಿದ್ದದ್ದು ಅದನ್ನು. ಒಂದು ಮಧ್ಯಾಹ್ನ ತನ್ನನ್ನೇ ಕೇಳಿಕೊಂಡಳು: ನಾನಾದರೂ ಇದನ್ನು ಹೊದೆಯುತ್ತಿದ್ದೆನೇ? ಇಲ್ಲ. ನಾನೇ ಹೊದೆಯದ್ದನ್ನು ಊರಿಗೆ ಹೊದಿಸಲು ಹೊರಟಿದ್ದೆ ಎಂದು ಅವಳಿಗೆ ನಾಚಿಕೆಯಾಯಿತು. ಹೂಬತ್ತಿ, ಶಾವಿಗೆ ಒಂದಿಷ್ಟು ಹೋದವು. ಕೌದಿ ಒಂದೂ ಕದಲಲಿಲ್ಲ.

ನವರಾತ್ರಿಯ ಹೊತ್ತಿಗೆ ಮನೋರಮಾಳ ಮಗಳು ಸುಮನ್ ಹೆರಿಗೆಗೆ ತವರಿಗೆ ಬಂದಳು. ಅದು ಅವಳ ಮೂರನೆಯ ಬಸಿರು. ಮೊದಲನೆಯ ಕೂಸು ನಾಮಕರಣಕ್ಕೆ ಮುಂಚೆಯೇ ಹೋಗಿತ್ತು, ಎರಡನೆಯದು ಹುಟ್ಟಿದಾಗ ಅಳಲೇ ಇಲ್ಲ. ಮನೋರಮಾ ಮಗಳನ್ನು ಒಳಗೇ ಇಟ್ಟುಕೊಂಡು ರಾಯರಿಗೆ ಹರಕೆ ಹೊರುತ್ತ, ಯಾರ ಕಣ್ಣೂ ಬೀಳದಂತೆ ಕಾಯತೊಡಗಿದಳು. ಅಣ್ಣತಮ್ಮಂದಿರು ಕೂಡಿಯೇ ಇದ್ದ ಕಾಲದಲ್ಲಿ, ಕೂಸಾಗಿದ್ದ ಆ ಸುಮನ್‌ಳನ್ನು ಎಣ್ಣೆ ಹಚ್ಚಿ ಎರೆದವಳು ಭಾಗೀರಥಿಬಾಯಿ. ಈಗ ಅವಳ ಕಾಲ ಸಪ್ಪಳ ಕೇಳಿದರೆ ದೊಡ್ಡಮ್ಮನೇ ಗೋಡೆಯ ಕಡೆ ಸರಿಯಬೇಕು. ಬೆಳಗಾದರೆ ಅಂಗಡಿಗೆ ಬಂದು ಕೂಡುವುದೇ ಒಳ್ಳೆಯದೆನಿಸಿತು. ವ್ಯಾಪಾರವಾಗದ ಅಂಗಡಿಯಿಂದ ಮನೆಯವರಿಗೆ ಅಷ್ಟಾದರೂ ಲಾಭವಾಯಿತು.

ದೀಪಾವಳಿ ಹತ್ತಿರ ಬಂತು. ಒಂದು ದಿನ ಯಲವಿಗಿ ಕಡೆಯ ಒಕ್ಕಲಿಗರ ಹೆಣ್ಣುಮಗಳೊಬ್ಬಳು ಸಂತೆಗೆ ಬಂದವಳು ಕಟ್ಟೆ ಹತ್ತಿದಳು. ಹೆಸರು ಶೇಖವ್ವ, ತುಂಬಿದ ಬಸುರಿ. ಭಾಗೀರಥಿಬಾಯಿ ರೂಢಿಯಂತೆ ಎದ್ದು ಒಳಕ್ಕೆ ಸರಿಯಹೋದಳು. ಆದರೆ ಅಂಗಡಿ ಅವಳದೇ, ಎಲ್ಲಿಗೆ ಸರಿಯುವುದು?

ಶೇಖವ್ವ ಕೌದಿ ಮುಟ್ಟಿ ನೋಡಿ, "ಯಾರ ಸೀರಿರಿ ಬಾಯಾರ?" ಅಂದಳು.

ಕೇಳಿ ಕೇಳಿ ಬೇಸತ್ತಿದ್ದ ಭಾಗೀರಥಿಬಾಯಿ ಇದ್ದದ್ದನ್ನು ಇದ್ದಂತೆ ಹೇಳಿದಳು. "ಗೊತ್ತಿಲ್ಲವಾ. ಯಾರ್ಯಾರವೋ, ಯಾವ್ಯಾವ ಊರಿನವೋ. ಒಂದೊಂದು ತುಂಡು ಒಂದೊಂದು ಮನೀದು."

ಈ ಮಾತು ಕೇಳಿದರೆ ಉಳಿದವರು ಎದ್ದು ಹೋಗುತ್ತಿದ್ದರು, ಶೇಖವ್ವ ಕೂತುಕೊಂಡಳು. "ಖರೇನ ಹತ್ತು ಮನೀವೇನ್ರಿ?"

"ಹತ್ತಲ್ಲ, ನೂರು ಮನೀವು ಇದ್ದಾವು. ಯಾಕ?"

ಶೇಖವ್ವ ನೆಲ ನೋಡುತ್ತ ಹೇಳಿದಳು. "ಎರಡು ಹೋದ್ವುರಿ ನನಗ. ಇದೊಂದು ಉಳೀಲಿ ಅಂತ."

ಕಟ್ಟೆಯ ಮೇಲಿದ್ದ ಹುಚ್ಚವ್ವ ಸೂಜಿ ನಿಲ್ಲಿಸಿದಳು. "ಬಾಯಾರ, ನನಗ ಹುಚ್ಚವ್ವ ಅಂತ ಯಾಕ ಹೆಸರಿಟ್ಟಾರ ಅಂತ ಮಾಡೀರಿ? ನಮ್ಮವ್ವಗ ನನಗಿಂತ ಮೊದಲ ಹುಟ್ಟಿದ್ವು ಎಲ್ಲಾ ಹೋಗಿದ್ವು. ನಾ ಹುಟ್ಟಿದಾಗ ಹತ್ತು ಮನಿ ಅರಿವಿ ಬೇಡಿ ತಂದು, ಕೌದಿ ಹೊಲದು, ಅದರಾಗ ಸುತ್ತಿ ಹುಚ್ಚವ್ವ ಅಂತ ಕರದ್ರು. ಇದು ನಮ್ಮ ಮನಿ ಕೂಸಲ್ಲ, ತಿರಕೊಂಡು ತಂದದ್ದು ಅಂದ್ರ ಜವರಾಯ ಬಾಗಲದಿಂದನ ಹೊಳ್ಳಿ ಹೋಗ್ತಾನಂತ. ಹುಚ್ಚೀನ ಕಟಗೊಂಡು ಅವನರ ಏನ್ಮಾಡ್ತಾನ?"

ಊರೆಲ್ಲ ಬೇಡವೆಂದದ್ದನ್ನೇ ಹುಡುಕಿಕೊಂಡು ಒಬ್ಬಳು ಬಂದಿದ್ದಳು. ಭಾಗೀರಥಿಬಾಯಿಯ ಮುಖ ಅರಳಿತು. ಗೋಡೆಯ ಮೇಲಿನ ಚಂದದ ಕೌದಿಗಳನ್ನೆಲ್ಲ ಇಳಿಸಿ ಮುಂದೆ ಹರಡಿದಳು. "ದೊಡ್ಡದಾತು ಅಂದ್ರ ಕೂಸಿನ ಅಳತಿಗೆ ಕತ್ತರಿಸಿ ಕೊಡಸ್ತೀನಿ. ಯಾವುದು ಬೇಕು ಹೇಳು."

ಶೇಖವ್ವ ಯಾವುದನ್ನೂ ಮುಟ್ಟಲಿಲ್ಲ. "ಕೊಳ್ಳಾಕ ಬರೂದಿಲ್ರಿ. ರೊಕ್ಕಾ ಕೊಟ್ರ ಅದು ನಂದ ಆಗತೈತಿ. ಬೇಡಬೇಕ್ರಿ." ಎದ್ದು ನಿಂತು ಸೆರಗೊಡ್ಡಿದಳು.

ಭಾಗೀರಥಿಬಾಯಿಗೆ ಸಿಟ್ಟು ಬಂತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪಾಡ್ಯ ಬಾಗಿಲಿಗೆ ಬಂದಿದೆ, ಕೌದಿಯ ಬೋಣಿಗೆಯೇ ಆಗಿಲ್ಲ, ಆಗುವ ಮೊದಲನೆಯದು ಭಿಕ್ಷೆಯೇ? ಹೀಗಾದರೆ ಖೋಲಿ ಹೋಯಿತು, ಮತ್ತೆ ಹಿತ್ತಿಲೇ ಗತಿ. ಆದರೆ ಒಡ್ಡಿದ ಸೆರಗು ಕೆಳಗಿಳಿಯಲಿಲ್ಲ. ಅವಳು ಎದ್ದು, ಕುಸುಬಿಯ ಕೆಂಪು ಇದ್ದ ಕೌದಿಯನ್ನು ಹುಚ್ಚವ್ವನ ಕೈಗೆ ಕೊಟ್ಟಳು. "ಕೂಸಿಂದು ಮಾಡಿಕೊಡು," ಅಂದಳು.

ಹುಚ್ಚವ್ವ ಅಂಚು ಮಡಚಿ ಹೊಲಿಯುತ್ತಿರುವಾಗ ಶೇಖವ್ವ ಮತ್ತೆ ಬಾಯಿಬಿಟ್ಟಳು. "ಬಾಯಾರ, ನಿಮ್ಮ ಸೀರಿದೂ ಒಂದು ತುಂಡು ಹಚ್ಚರಿ."

ಭಾಗೀರಥಿಬಾಯಿ ಒಂದು ಹೆಜ್ಜೆ ಹಿಂದೆ ಸರಿದಳು. "ನಂದು ಬ್ಯಾಡವಾ. ನನ್ನ ಹಣಿ ಕಾಣಸ್ತದಲ್ಲ ನಿನಗ? ಬೇಕಂದ್ರ ಟ್ರಂಕಿನಾಗ ನನ್ನ ಹಳೇ ಸೀರಿ ಅದಾವು, ಅವರಿದ್ದಾಗ ಉಟ್ಟಿದ್ದು..."

"ನಿಮಗ ಎಷ್ಟು ಮಕ್ಕಳ್ರಿ?"

"ಮೂರು."

"ಮೂರೂ ಅದಾವಿಲ್ಲೋ?"

"ಅದಾವ."

"ಅವನ್ನ ಬೆಳಸಿದ್ದು ಈ ಸೀರಿ ಉಟಗೊಂಡ ಹೌದಲ್ರಿ? ನನಗ ಇದರದ ಬೇಕು."

ಹದಿಮೂರು ವರ್ಷದಲ್ಲಿ ಅವಳ ಹಣೆ ನೋಡದೆ ಅವಳ ಮಕ್ಕಳನ್ನು ಲೆಕ್ಕ ಹಿಡಿದವರು ಇವಳೊಬ್ಬಳೇ. ಭಾಗೀರಥಿಬಾಯಿ ಉಟ್ಟಿದ್ದ ಬೂದುಬಣ್ಣದ ಸೀರೆಯ ಸೆರಗಿನ ಅಂಚನ್ನು ಹರಿದು ಕೊಟ್ಟಳು. ಹುಚ್ಚವ್ವ ಅದನ್ನು ನಟ್ಟನಡುವೆ ಇಟ್ಟು ಹೊಲಿದಳು. ಆಗ ಒಳಬಾಗಿಲ ಹಿಂದೆ ಬಳೆಯ ಸಪ್ಪಳವಾಗಿ ತಟ್ಟನೆ ನಿಂತಿತು. ಯಾರೋ ಅಲ್ಲಿ ನಿಂತು ಕೇಳುತ್ತ ಬಳೆಗಳನ್ನು ಬಿಗಿಹಿಡಿದಿದ್ದರು.

ಆ ಸಂಜೆ ವೆಂಕಟೇಶ ಕೋರ್ಟಿನಿಂದ ಬಂದವನು, "ಕೌದಿ ಬೋಣಗಿ ಆತೇನ್ರಿ ವೈನಿ?" ಎಂದ.

"ಆತು."

"ಎಷ್ಟಕ್ಕ ಹೋತು?"

ಭಾಗೀರಥಿಬಾಯಿ ಮಡಚಿಟ್ಟಿದ್ದ ಕೌದಿಯನ್ನೇ ಬಿಚ್ಚಿ ಮತ್ತೆ ಮಡಚತೊಡಗಿದಳು. ವಕೀಲನಿಗೆ ಅಷ್ಟು ಸಾಕು. ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಮೆತ್ತಗೆ, ಪಾಡ್ಯಕ್ಕೆ ಮುಂಚೆ ಖೋಲಿಗೆ ಸುಣ್ಣ ಹೊಡೆಸಬೇಕೆಂದು ಹೇಳಿ ಹೋದ. ಕೊಟ್ಟ ಮಾತನ್ನು ಅವನೇನೂ ಮುರಿದಿರಲಿಲ್ಲ, ಬೈಯುವುದಕ್ಕೂ ಬರುವಂತಿರಲಿಲ್ಲ.

ನೀರು ತುಂಬುವ ಹಬ್ಬದ ದಿನ ಬೆಳಿಗ್ಗೆ ಭಾಗೀರಥಿಬಾಯಿ ಕೌದಿಗಳನ್ನು ಮಡಚಿ ಗಂಟು ಕಟ್ಟತೊಡಗಿದಳು. ಹುಚ್ಚವ್ವ ತನ್ನ ಸೂಜಿ, ದಾರದ ಉಂಡೆ ಎತ್ತಿಟ್ಟುಕೊಳ್ಳುತ್ತಿದ್ದಳು. ಮಗ ಮರುದಿನ ಬರುವವನಿದ್ದ. ಅವನು ಬರುವವರೆಗಾದರೂ ಅಂಗಡಿ ಇದ್ದಿದ್ದರೆ ಎಂದು ನೆನೆದು ಅವಳಿಗೆ ಅಳುವೇ ಬಂತು.

ಬೀದಿಯ ಕಡೆಯಿಂದ ಯಾರೋ ಮೆಟ್ಟಿಲು ಹತ್ತಿದರು. ನೋಡಿದರೆ ಮನೋರಮಾ. ಎರೆದುಕೊಂಡ ಕೂದಲು ಇನ್ನೂ ಒದ್ದೆ, ಕಾಲಲ್ಲಿ ಚಪ್ಪಲಿಯಿಲ್ಲ. ಮನೆಯೊಳಗಿನ ಬಾಗಿಲು ಕೈಯಳತೆಯಲ್ಲಿರುವಾಗ ಹಿತ್ತಿಲ ಬಾಗಿಲಿಂದ ಹೊರಬಿದ್ದು, ಸಂದಿ ಸುತ್ತಿ, ನಾಲ್ಕು ಜನ ನೋಡುವಂತೆ ಬೀದಿಯಲ್ಲಿ ನಡೆದು ಬಂದಿದ್ದಳು.

"ಒಳಗಿಂದ ಬರಬಾರದಾ, ಮನೋರಮಾ?" ಎಂದಳು ಭಾಗೀರಥಿಬಾಯಿ.

"ಒಳಗಿಂದ ಬಂದ್ರ ನಮ್ಮ ಮನೀದ ಆಗ್ತದ. ಮಂದಿ ಮನೀಗೆ ಬೀದಿಯಿಂದನ ಬರಬೇಕಲ್ಲ ಅಕ್ಕಾ." ಮನೋರಮಾ ಸೆರಗೊಡ್ಡಿದಳು. "ಸುಮನ್ ಸಲುವಾಗಿ ಬೇಡ್ಲಿಕ್ಕೆ ಬಂದೀನಿ."

ಅರಿವೆಯ ತುಂಡಿಗೆ ಅಷ್ಟು ಶಕ್ತಿ ಉಂಟೇ ಎಂದು ನನ್ನನ್ನು ಕೇಳಬೇಡಿ. ಮಗಳ ಕೂಸಿಗೆಂದು ಕಟ್ಟಿದ ತೊಟ್ಟಿಲನ್ನು ಎರಡು ಸಲ ಬಿಚ್ಚಿ ಅಟ್ಟಕ್ಕೆ ಹಾಕಿದವಳನ್ನು ಕೇಳಿ. ಭಾಗೀರಥಿಬಾಯಿಯೇನೂ ದೇವತೆಯಲ್ಲ, ಈ ಒಂದು ಕ್ಷಣಕ್ಕಾಗಿ ಕೂಡಿಟ್ಟಂತೆ ಹದಿಮೂರು ವರ್ಷದ ಅರ್ಧ ಮಾತುಗಳೆಲ್ಲ ಅವಳ ನಾಲಿಗೆಯ ತುದಿಗೆ ಬಂದವು. ಒಂದಾದರೂ ಆಡಿ ತೀರಿಸಬೇಕೆನಿಸಿತು. ಆದರೆ ಎಣ್ಣೆ ಹಚ್ಚುವಾಗ ಕೈಯೊಳಗೆ ಜಾರುತ್ತಿದ್ದ ಸುಮನ್‌ಳ ಪುಟ್ಟ ಬೆನ್ನು ನೆನಪಾಯಿತು. ಗಂಟು ಬಿಚ್ಚಿದಳು. ಬಿಚ್ಚುತ್ತಲೇ ಕೇಳಿದಳು, "ನನ್ನ ಸೀರಿದೂ ಹಚ್ಚಲೇನು?"

"ನಿಮ್ಮದ ಮೊದಲ ಹಚ್ಚರಿ, ಅಕ್ಕಾ. ನಿಮ್ಮ ಸೀರಿ ಅದರಾಗ ಇರಲಿಕ್ಕೇ ಬೇಕು." ಮನೋರಮಾ ಈ ಮಾತನ್ನು ಅರ್ಧಕ್ಕೆ ಬಿಡಲಿಲ್ಲ.

ಹುಚ್ಚವ್ವ ಎತ್ತಿಟ್ಟಿದ್ದ ಸೂಜಿಯನ್ನು ಮತ್ತೆ ತೆಗೆದು ದಾರ ಪೋಣಿಸಿದಳು. ಅಷ್ಟರಲ್ಲಿ ಒಳಬಾಗಿಲು ತೆರೆಯಿತು. ವೆಂಕಟೇಶ, ಅವನ ಹಿಂದೆ ಸುಣ್ಣ ಹೊಡೆಯುವವನು. ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಸೆರಗೊಡ್ಡಿ ಕೂತ ಹೆಂಡತಿಯನ್ನು ಕಂಡು ಅವನು ಹೊಸ್ತಿಲಲ್ಲೇ ನಿಂತ.

"ಆ ಬಾಗಲಾ ಹಾಕ್ಕೋರಿ," ಎಂದಳು ಮನೋರಮಾ, ತಿರುಗಿಯೂ ನೋಡದೆ. "ಇದು ಬ್ಯಾರೇದವರ ಮನಿ. ಅವರನ್ನ ಕೇಳದ ಒಳಗ ಬರಬ್ಯಾಡ್ರಿ."

ವೆಂಕಟೇಶ ವೈನಿಯ ಮುಖ ನೋಡಿದ, ಹೆಂಡತಿಯ ಬೆನ್ನು ನೋಡಿದ, ಬಾಗಿಲು ಹಾಕಿಕೊಂಡ. ಭಾಗೀರಥಿಬಾಯಿ ಕತ್ತರಿ ಹುಡುಕಲಿಲ್ಲ. ಸೆರಗಿನ ಅಂಚನ್ನು ಕೈಯಿಂದಲೇ ಹರಿದಳು.

ಮರುದಿನ ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು ಬಂದ ಗುರುರಾಜ ಸಂದಿಯ ಕಡೆ ತಿರುಗುವ ಮೊದಲೇ ಅವ್ವ ಅಂಗಡಿಯಲ್ಲಿ ಬೀದಿಗೆ ಕಾಣುವಂತೆ ಕೂತಿದ್ದಳು. ಅವನು ಹಿತ್ತಿಲಿಗೆ ಹೋಗಬೇಕಾಗಿ ಬರಲಿಲ್ಲ.