ಚೆಲುವರಾಜು ಸರ್ ಹೆಸರಿನ ಮರ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಅಮೆಜಾನ್ ಕಾಡಿನಿಂದ ಎಂದರೆ ನೀವು ನಂಬುವುದಿಲ್ಲ, ನಾನು ಅಲ್ಲಿಗೆ ಹೋದವನಲ್ಲ. ರೂಟ್ ಒನ್ ಟ್ರಾಫಿಕ್‌ನಿಂದ ಎಂದರೆ ನ್ಯೂಜೆರ್ಸಿಯವರು ಪುಟ ಮಗುಚುತ್ತಾರೆ, ದಿನಾ ನೋಡಿ ಸಾಕಾಗಿರುತ್ತದೆ. ಹೋಗಲಿ, ನಳಿನಾಕ್ಷಿಯವರಿಂದಲೇ ಶುರು ಮಾಡುತ್ತೇನೆ.

ಇವರು ನ್ಯೂಜೆರ್ಸಿಯ ಪ್ಲೇನ್ಸ್‌ಬರೋದವರು. ನ್ಯೂಯಾರ್ಕಿನ ಒಂದು ಸಸ್ಯಸಂಗ್ರಹಾಲಯದಲ್ಲಿ ಕೆಲಸ. ಉಷ್ಣವಲಯದ ಮರಗಳ ರೆಂಬೆಗಳನ್ನು ಒಣಗಿಸಿ ಹಾಳೆಗೆ ಅಂಟಿಸಿಟ್ಟಿರುತ್ತಾರಲ್ಲ, ಅವುಗಳ ವೈಜ್ಞಾನಿಕ ಹೆಸರು ತಪ್ಪಿದ್ದರೆ ತಿದ್ದುವುದು. (ಪಾರ್ಟಿಗಳಲ್ಲಿ "ಯಾವ ಟೆಕ್ನಾಲಜಿ ಮೇಲೆ ವರ್ಕ್ ಮಾಡ್ತಿದೀರಾ?" ಎಂದು ಕೇಳಿದವರಿಗೆ "ಗೋಂದು" ಅನ್ನುತ್ತಾರೆ. ನನಗೆ ಇವರು ಇಷ್ಟವಾಗಿದ್ದೇ ಅಲ್ಲಿ.)

೨ (ಕೈಬಿಟ್ಟ ಡ್ರಾಫ್ಟ್)
ನಳಿನಾಕ್ಷಿ ನಡುಗುವ ಕೈಗಳಿಂದ ಹಳೆಯ ಹೆಸರಿನ ಚೀಟಿಯನ್ನು ಕಿತ್ತು ಕಸದ ಬುಟ್ಟಿಗೆ...

"ಯಾರ್ರೀ ಹೇಳಿದ್ದು ನಿಮಗೆ?" ಅವರೇ ನನ್ನನ್ನು ತಡೆದರು. "ಹಳೇ ಚೀಟಿ ಕೀಳೋ ಹಾಗೇ ಇಲ್ಲ. ತಪ್ಪಿದ್ರೂ ಅಲ್ಲೇ ಇರುತ್ತೆ. ಪಕ್ಕದಲ್ಲಿ ಹೊಸದು ಅಂಟಿಸಿ ನಮ್ಮ ಹೆಸರು, ಇಸವಿ ಹಾಕ್ಬೇಕು. ನಾಳೆ ನಂದೂ ತಪ್ಪು ಅಂತ ಇನ್ನೊಬ್ರು ಅಂಟಿಸ್ತಾರೆ. ಆಮೇಲೆ, ನನ್ನ ಕೈ ನಡುಗಲ್ಲ."

ಆದ್ದರಿಂದ ಈ ಡ್ರಾಫ್ಟನ್ನು ನಾನೂ ಅಳಿಸಿಲ್ಲ. ತಮ್ಮ ತಪ್ಪನ್ನು ಹೀಗೆ ಊರಿಗೆಲ್ಲ ಕಾಣುವಂತೆ ಇಟ್ಟುಕೊಳ್ಳುವ ಜನರನ್ನು ಕಂಡರೆ ನನಗೆ ಗೌರವ. ಲೇಖಕರಲ್ಲಿ ಅಂಥವರು ಇಲ್ಲವೇ ಇಲ್ಲ.

೩
ಈಗ ಸಮಸ್ಯೆ. ಹಿಂದೊಮ್ಮೆ ನಳಿನಾಕ್ಷಿ ಬ್ರೆಜಿಲ್ಲಿನ ಒಂದು ಮರವನ್ನು ಹೊಸ ಜಾತಿ ಎಂದು ಗುರುತಿಸಿ, ತಮಗೆ ಈ ಕೆಲಸ ಕಲಿಸಿದ ಚೆಲುವರಾಜು ಅವರ ಹೆಸರಿಟ್ಟಿದ್ದರು. ಈಚೆಗೆ ಪೆರುವಿನ ಹಳೆಯ ಹಾಳೆಯೊಂದು ಕೈಗೆ ಬಂತು. ನೋಡಿದರೆ ಅದೇ ಮರ. ನೂರು ವರ್ಷದ ಹಿಂದೆಯೇ ಯಾರೋ ಬೇರೆ ಹೆಸರಿಟ್ಟಾಗಿದೆ. ಒಂದೇ ಮರಕ್ಕೆ ಎರಡು ಹೆಸರು ಬಿದ್ದರೆ ಮೊದಲಿನದೇ ಉಳಿಯಬೇಕು ಎಂಬುದು ನಿಯಮ. ಅಂದರೆ ಗುರುಗಳ ಹೆಸರು ಹೋಗುತ್ತದೆ.

"ಯಾರಿಗೂ ಗೊತ್ತಿಲ್ಲವಲ್ಲ, ಸುಮ್ಮನಿದ್ದುಬಿಡಿ," ಎಂದೆ. (ಕಥೆಗಾರನ ಬುದ್ಧಿ.)

"ಆಮೇಲೆ ಸರ್ ಎದುರಿಗೆ ಹೇಗ್ರೀ ಕೂರ್ಲಿ?" ಎಂದು ಕಾರ್ ಕೀ ತೆಗೆದುಕೊಂಡರು.

೪
ಚೆಲುವರಾಜು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿದ್ದಾರೆ, ಎಂಬತ್ತು ದಾಟಿದೆ. ಆ ಮರದ ಫೋಟೋಗೆ ಫ್ರೇಮ್ ಹಾಕಿಸಿದ್ದಾರೆ. ಮನೆಗೆ ಬಂದವರಿಗೆ ಮೊಮ್ಮಗಳ ಗ್ರ್ಯಾಜುಯೇಶನ್ ಫೋಟೋಗಿಂತ ಮೊದಲು ಅದನ್ನೇ ತೋರಿಸುತ್ತಾರೆ.

ಅಂತ್ಯ ಒಂದು: ವಿಷಯ ಕೇಳಿ ಅವರು ನಕ್ಕು, "ಸತ್ಯ ದೊಡ್ಡದಮ್ಮ," ಎಂದರು.

"ನಾನು ಹಾಗೆಲ್ಲ ಅನ್ನಲ್ಲ ಕಣ್ರೀ," ಎಂದು ಚೆಲುವರಾಜು ನನ್ನ ಕಡೆ ತಿರುಗಿದರು. "ನಂಗೆ ಬೇಜಾರಾಗಿದೆ. ಹಾಗಂತಲೇ ಬರೀರಿ."

ಬರೆದೆ. ಅವರಿಗೆ ಬೇಜಾರಾಯಿತು. ಆದರೂ ನಳಿನಾಕ್ಷಿ ತಂದಿದ್ದ ಎರಡೂ ಹಾಳೆಗಳ ಫೋಟೋಗಳನ್ನು ಐಪ್ಯಾಡಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಏನಾದರೂ ವ್ಯತ್ಯಾಸ ಸಿಗಲಿ ಎಂದು ನಾನು ಬೇಡಿಕೊಂಡೆ. ನಳಿನಾಕ್ಷಿಯೂ ಬೇಡಿಕೊಂಡರು. (ಕೇಳಿದರೆ ಒಪ್ಪುವುದಿಲ್ಲ.)

"ಎಲೆ ಅದೇ. ಕಾಯೂ ಅದೇ," ಎಂದರು ಕೊನೆಗೆ. "ಪೆರು ಮರದ ಹೂವೆಲ್ಲಿ?"

"ಈ ಹಾಳೇಲಿ ಹೂ ಇಲ್ಲ ಸರ್. ಆಮೇಲೂ ಯಾರೂ ತಂದಿಲ್ಲ."

"ಹೂ ನೋಡ್ದೆ ಎರಡೂ ಒಂದೇ ಅಂತ ಹೇಗಮ್ಮ ಹೇಳ್ತೀಯಾ?" ಎಂದವರು ಐಪ್ಯಾಡನ್ನು ಪಕ್ಕಕ್ಕಿಟ್ಟರು. "ಇದನ್ನ ಕೇಳ್ತಿರೋದು ಬಾಟನಿಸ್ಟೋ, ಹೆಸರು ಹೋಗುತ್ತೆ ಅಂತ ಹೆದರಿರೋ ಮುದುಕನೋ, ನನಗೇ ಗೊತ್ತಾಗ್ತಿಲ್ಲ. ಬೇರೆಯವರ ಹೆಸರಾಗಿದ್ರೆ ಏನು ಮಾಡ್ತಿದ್ದೆಯೋ ಅದನ್ನೇ ಮಾಡು."

ಓದುಗರೇ, ಇಂಥ ಮಾತು ಕಟ್ಟುವ ಯೋಗ್ಯತೆ ನನಗಿಲ್ಲ. ಇದು ಅವರದೇ.

೫
ಅಂತ್ಯ ಎರಡು: ಇದು ಸುಲಭ. ಪೆರುವಿನ ಕಾಡಿನಲ್ಲಿ ಹೂ ಅರಳಿಸಲು ನನಗೆ ಒಂದು ವಾಕ್ಯ ಸಾಕು. ಹೂ ಬೇರೆ ಥರ ಇತ್ತು ಎಂದರೆ ಹೆಸರು ಉಳಿಯುತ್ತದೆ, ಒಂದೇ ಥರ ಎಂದರೆ ಹೋಗುತ್ತದೆ. ಆದರೆ ಕಾಣದ ಹೂವನ್ನು ಕಂಡಿದ್ದೇನೆ ಎಂದು ಈ ಇಬ್ಬರ ಮುಂದೆ ಬರೆಯಲು ನನಗೆ ನಾಚಿಕೆ.

"ಬೇರೆಯವರ ಹೆಸರಾಗಿದ್ರೆ," ನಳಿನಾಕ್ಷಿ ನಿಧಾನವಾಗಿ ಹೇಳಿದರು, "ಹೂವಿಗೆ ಕಾಯ್ತಿರಲಿಲ್ಲ ಸರ್. ಹಳೇ ಹೆಸರೇ ಅಂಟಿಸ್ತಿದ್ದೆ."

ಚೆಲುವರಾಜು ಉತ್ತರ ಹೇಳಿದರು. ಅದು ಅವರಿಬ್ಬರ ನಡುವಿನ ಮಾತು, ನಾನು ಬರೆದುಕೊಳ್ಳಲಿಲ್ಲ.