ನೀವು ಹೇಳಬೇಡಿ, ಗಾಡಿಯೇ ಹೇಳುತ್ತೆ

ಆ ಗ್ಯಾರೇಜಿಗೆ ಗಾಡಿ ತಂದವರಿಗೆಲ್ಲ ಒಂದು ಕಟ್ಟಪ್ಪಣೆ ಇತ್ತು: ಗಾಡಿಗೆ ಏನಾಗಿದೆ ಅಂತ ಬಾಯಿ ಬಿಡಬಾರದು. ಬಿಟ್ಟರೋ, ಗ್ಯಾರೇಜು ನಡೆಸುವ ಅಣ್ಣ ತಮ್ಮಂದಿರಲ್ಲಿ ಅಣ್ಣನಾದವನು ಅಂಗೈ ಎತ್ತಿ ತಡೆಯುತ್ತಿದ್ದ. "ನೀವು ಹೇಳಬೇಡಿ. ಗಾಡಿಯೇ ಹೇಳುತ್ತೆ." ಆಮೇಲೆ ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುವುದು. ಸುತ್ತ ನಿಂತವರು ಉಸಿರು ಬಿಗಿಹಿಡಿಯುವುದು. ಅಲ್ಲ, ಇವರೆಲ್ಲ ರಿಪೇರಿಗೆ ಬಂದವರೋ, ಕಣಿ ಕೇಳೋಕೆ ಬಂದವರೋ? ತಮ್ಮನಿಗೆ ಮೂವತ್ತು ವರ್ಷದಿಂದ ಇದೇ ಅನುಮಾನ.

ಆದರೆ ಸುಳ್ಳು ಹೇಳಬಾರದು, ಅಣ್ಣನ ಕಿವಿ ಅಂದರೆ ಕಿವಿಯೇ. ಬೀದಿಯ ತಿರುವಿನಲ್ಲಿ ಗಾಡಿ ಬರುತ್ತಿರುವಾಗಲೇ "ಎರಡನೇ ನಾಜಲ್ ಕೆಟ್ಟಿದೆ" ಅಂದು, ಅದು ಬಾಗಿಲಿಗೆ ಬರುವಷ್ಟರಲ್ಲಿ ಸ್ಪ್ಯಾನರ್ ಹಿಡಿದು ನಿಂತಿರುತ್ತಿದ್ದ. ಹಾಗಾಗಿಯೇ ಕಿವಿಯಣ್ಣ ಅನ್ನುವ ಹೆಸರು ಬಿತ್ತು. ಮೇನ್ ರೋಡಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಗ್ಯಾರೇಜು ಮೂರು ಎದ್ದಿದ್ದರೂ, ಹಳೇ ಗಾಡಿಯವರೆಲ್ಲ ಹುಡುಕಿಕೊಂಡು ಇಲ್ಲಿಗೇ ಬರುತ್ತಿದ್ದರು. ಆ ಹೆಸರೊಂದರ ಮೇಲೆ ಎರಡು ಸಂಸಾರ ಉಣ್ಣುತ್ತಿದ್ದವು. ಹೆಸರು ಹೋದ ದಿನ ಷಟರ್ ಎಳೆಯಬೇಕಾದ್ದೇ, ಅದು ಇಬ್ಬರಿಗೂ ಗೊತ್ತಿತ್ತು. ಇನ್ನು ತಮ್ಮ? ಅವನು ಬಿಚ್ಚುವವನು, ಜೋಡಿಸುವವನು, ಬೈಸಿಕೊಳ್ಳುವವನು. "ಇವನಿಗೆ ಕೈ ಇದೆ, ಕಿವಿ ಇಲ್ಲ" ಅಂತ ಅಣ್ಣ ಗಿರಾಕಿಗಳ ಮುಂದೆಯೇ ಹೇಳಿ ನಗಿಸುತ್ತಿದ್ದ.

ಹೀಗಿರುವಾಗ ಒಂದು ಮಂಗಳವಾರ ದನದ ಡಾಕ್ಟರಮ್ಮ ಇಪ್ಪತ್ತೆರಡು ವರ್ಷದ ಫೋರ್ ವೀಲ್ ಡ್ರೈವ್ ಗಾಡಿಯನ್ನು ಏದುಸಿರು ಬಿಡಿಸುತ್ತಾ ತಂದು ನಿಲ್ಲಿಸಿದರು.

"ಏರಿನಲ್ಲಿ ಎಳೀತಾನೇ ಇಲ್ಲ ಮೇಸ್ತ್ರಿ. ಅದರ ಜೊತೆಗೆ ಒಂದು..."

ಅಂಗೈ ಮೇಲೆದ್ದಿತು. "ನೀವು ಹೇಳಬೇಡಿ."

"ನನ್ನ ರೋಗಿಗಳೂ ಮಾತಾಡಲ್ಲ ಮೇಸ್ತ್ರಿ. ಆದರೂ ನಾನು ಹಸು ಸಾಕಿದವರನ್ನ ಒಂದು ಮಾತು ಕೇಳ್ತೀನಿ."

"ಅದಕ್ಕೇ ಹಸುಗಳು ಸಾಯೋದು" ಅಂದ ಅಣ್ಣ.

ಡಾಕ್ಟರಮ್ಮನಿಗೆ ನಗು ಬರಲಿಲ್ಲ. "ಸೋಮವಾರ ಬೆಟ್ಟದ ಮೇಲೆ ನಾನೂರು ಕುರಿಗಳಿಗೆ ಸೂಜಿ ಹಾಕಬೇಕು. ಅಷ್ಟರಲ್ಲಿ ಗಾಡಿ ಬೇಕೇ ಬೇಕು. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಮೇನ್ ರೋಡಿಗೆ ಒಯ್ತೀನಿ."

ಮೇನ್ ರೋಡು ಅನ್ನುವುದು ಅಣ್ಣನ ಪಾಲಿಗೆ ಬೈಗುಳ. ಅವನು ಬೀಗದ ಕೈ ಇಸಿದುಕೊಂಡ.

ಅಣ್ಣ ತಮ್ಮ ಇಬ್ಬರೂ ಗಾಡಿ ಹತ್ತಿ ನೀರಿನ ಟ್ಯಾಂಕಿನ ಏರಿಗೆ ಹೋದರು. ಅರ್ಧ ಏರು ಹತ್ತುವಷ್ಟರಲ್ಲಿ ಗಾಡಿಯ ದಮ್ಮು ಕಟ್ಟಿತು. ಹಿಂದೆ ನೋಡಿದರೆ ಕಪ್ಪು ಹೊಗೆ. ಅಣ್ಣ ಪೆಡಲ್ ಒತ್ತಿದಾಗೆಲ್ಲ ಬಾನೆಟ್ಟಿನೊಳಗಿಂದ ಸುಂಯ್ ಅಂತ ಸಣ್ಣಗೆ, ಚೂಪಾಗಿ ಒಂದು ಸಿಳ್ಳೆ. ಕಾಲು ತೆಗೆದರೆ ಸಿಳ್ಳೆಯೂ ನಿಲ್ಲುತ್ತಿತ್ತು. ತಮ್ಮನಿಗೆ ಅಲ್ಲೇ ಗೊತ್ತಾಗಿಹೋಯಿತು. ಟರ್ಬೋ ಗಾಳಿ ತಳ್ಳುತ್ತಿದೆ, ಇಂಜಿನ್ನಿಗೆ ಹೋಗುವ ಪೈಪು ಎಲ್ಲೋ ಸೀಳಿದೆ, ಗಾಳಿ ದಾರಿಯಲ್ಲೇ ಸೋರಿಹೋಗುತ್ತಿದೆ. ಗಾಳಿ ಸಾಲದೆ ಡೀಸೆಲ್ ಅರ್ಧಂಬರ್ಧ ಉರಿದು ಹೊಗೆಯಾಗುತ್ತಿದೆ. ಪೈಪು ಬದಲಾಯಿಸಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ.

"ಅಣ್ಣ, ಅದು..."

"ಬಾಯಿ ಮುಚ್ಚು. ಕೇಳ್ತಾ ಇದೀನಿ." ಅಣ್ಣ ತಲೆ ವಾಲಿಸಿ ಕೇಳಿದ, ಕೇಳಿದ, ಆಮೇಲೆ ತೀರ್ಪು ಕೊಟ್ಟ. "ಡೀಸೆಲ್ ಸಾಲ್ತಾ ಇಲ್ಲ."

ತಮ್ಮ ಬಾಯಿ ಮುಚ್ಚಿದ. ಮುಚ್ಚಿದ್ದನ್ನು ಮತ್ತೆ ತೆರೆಯಲಿಲ್ಲ. ಒಳಗೊಳಗೇ ಹೇಳಿಕೊಂಡ: ಆಗಲಿ ಮಹಾರಾಯ, ಗಾಡಿಯೇ ಹೇಳಲಿ. ಮೂವತ್ತು ವರ್ಷದ ಹೊಟ್ಟೆಯುರಿಗೆ ಇದಕ್ಕಿಂತ ತಂಪು ಬೇಕೇ?

ಬುಧವಾರ ಏರ್ ಫಿಲ್ಟರು, ಡೀಸೆಲ್ ಫಿಲ್ಟರು ಹೊಸದು ಬಿದ್ದವು. ಗಾಡಿ ಏರು ಹತ್ತಲಿಲ್ಲ. ಗುರುವಾರ ಡೀಸೆಲ್ ಚಿಮ್ಮುವ ನಾಲ್ಕೂ ನಾಜಲ್ ಬಿಚ್ಚಿ ತೊಳೆದದ್ದಾಯಿತು. ಶುಕ್ರವಾರ ಇಂಜಿನ್ನಿನ ಡೀಸೆಲ್ ಪಂಪಿನ ಸರದಿ; ಅದನ್ನು ಪಂಪು ರಿಪೇರಿಯವನ ಹತ್ತಿರ ಕಳಿಸಿ ಡೀಸೆಲ್ ಹೆಚ್ಚು ಮಾಡಿಸಿ ತಂದು ಕೂರಿಸಿದರು. ಹೊಗೆ ಇನ್ನಷ್ಟು ಕಪ್ಪಾಯಿತು. ಶನಿವಾರ ಬ್ರೇಕು ಹಿಡಿದುಕೊಂಡಿರಬಹುದು ಅಂತ ನಾಲ್ಕು ಚಕ್ರ ಎತ್ತಿ ತಿರುಗಿಸಿ ನೋಡಿದ್ದು, ಸೈಲೆನ್ಸರ್ ಕಟ್ಟಿರಬಹುದು ಅಂತ ಬಿಚ್ಚಿ ಒದರಿದ್ದು. ತಮ್ಮ ಪ್ರತಿಯೊಂದಕ್ಕೂ "ಹೂಂ ಅಣ್ಣ" ಅನ್ನುತ್ತಾ, ಕೇಳುವ ಮೊದಲೇ ಸ್ಪ್ಯಾನರ್ ಕೈಗಿಡುತ್ತಾ, ಇಷ್ಟು ಹುರುಪಿನಿಂದ ಕೆಲಸ ಮಾಡಿದ್ದು ಮದುವೆಯಾದ ಹೊಸತರಲ್ಲೂ ಇಲ್ಲ.

"ನಿಮಗೆ ಗೊತ್ತಿದ್ರೆ ಹೇಳಬಾರದಾ?" ಅಂದಳು ತಮ್ಮನ ಹೆಂಡತಿ, ರಾತ್ರಿ ಅವನು ಎಲ್ಲ ಹೇಳಿಕೊಂಡು ನಕ್ಕಾಗ.

"ಕೇಳಿದ್ರೆ ತಾನೇ ಹೇಳೋದು? ಈಗೀಗ ಕರೆದರೂ ತಿರುಗಿ ನೋಡಲ್ಲ. ಅಷ್ಟು ಜಂಬ."

ಜಂಬದ ವಿಷಯದಲ್ಲಿ ಅತ್ತಿಗೆಯೂ ಅದನ್ನೇ ಹೇಳುತ್ತಿದ್ದಳು. ಅಡುಗೆಮನೆಯಿಂದ ಹತ್ತು ಸಲ ಕೂಗಿದರೂ ಮಹಾಶಯರು ಹೂಂ ಅನ್ನುವುದಿಲ್ಲವಂತೆ.

ಭಾನುವಾರ ಬೆಳಿಗ್ಗೆ ಡಾಕ್ಟರಮ್ಮ ತಾವೇ ಬಂದು ಹಿಂದಿನ ಸೀಟಿನಲ್ಲಿ ಕೂತರು. ಮತ್ತೆ ಅದೇ ಏರು. ಪಂಪಿನವನ ಕೃಪೆಯಿಂದ ಸಿಳ್ಳೆ ಈಗ ಎರಡು ಪಟ್ಟಾಗಿತ್ತು. ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದದ್ದನ್ನು ಬಿಟ್ಟು ನೋಡಿದಳು.

"ಈ ಸಿಳ್ಳೆ ಇನ್ನೂ ಹೋಗಿಲ್ಲವಲ್ಲ ಮೇಸ್ತ್ರಿ" ಅಂದರು ಡಾಕ್ಟರಮ್ಮ.

ಅಣ್ಣ ತಿರುಗಲಿಲ್ಲ.

"ಮೇಸ್ತ್ರಿ, ಈ ಸಿಳ್ಳೆ" ಅಂದರು ಅವರು, ದನಿ ಎತ್ತಿ.

ಅಣ್ಣ ತಲೆ ವಾಲಿಸಿಕೊಂಡೇ ತಮ್ಮನಿಗೆ ಹೇಳಿದ: "ಸದ್ದು ಈಗ ಎಷ್ಟು ಸ್ವಚ್ಛವಾಗಿದೆ ನೋಡು. ಎಲ್ಲೂ ತೊಡಕಿಲ್ಲ. ಆದರೂ ಯಾಕೋ ಎಳೀತಾ ಇಲ್ಲ."

ತಮ್ಮ ಅವನ ಮುಖ ನೋಡಿದ. ಅಣ್ಣ ಬುರುಡೆ ಬಿಡುವಾಗ ಮುಖ ಹೇಗಿರುತ್ತೆ ಅಂತ ಅವನಿಗೆ ಗೊತ್ತಿಲ್ಲದ್ದೇನಲ್ಲ. ಇದು ಅದಲ್ಲ. ಹಣೆಯಲ್ಲಿ ಬೆವರು, ಹುಬ್ಬು ಗಂಟು, ಇದ್ದಬದ್ದ ಶಕ್ತಿಯನ್ನೆಲ್ಲ ಕಿವಿಗೆ ತಂದುಕೊಂಡು ಕೂತ ಮನುಷ್ಯ. ಹೊರಗಿನ ಬೀದಿಗೆಲ್ಲ ಕೇಳುತ್ತಿದ್ದ ಸಿಳ್ಳೆ ಆ ಕಿವಿಗೆ ಹೋಗುತ್ತಿರಲಿಲ್ಲ. ಕರೆದರೆ ತಿರುಗದ್ದು, ಅತ್ತಿಗೆಯ ಹತ್ತು ಕೂಗು, ಎಲ್ಲವೂ ತಮ್ಮನಿಗೆ ಒಟ್ಟಿಗೇ ಅರ್ಥವಾಯಿತು. ಥೂ, ನನ್ನ ಜನ್ಮಕ್ಕಿಷ್ಟು ಅಂದುಕೊಂಡ.

ಡಾಕ್ಟರಮ್ಮ ಸಂಜೆ ಐದರ ಗಡುವು ಕೊಟ್ಟು, ಅದೂ ಆಗದಿದ್ದರೆ ಮೇನ್ ರೋಡೇ ಗತಿ ಅಂದು ಹೋದರು. ಗ್ಯಾರೇಜಿನಲ್ಲಿ ಇಬ್ಬರೇ ಉಳಿದರು. ತಮ್ಮ ಟರ್ಬೋದ ಬಾಯಿಗೆ ಕಂಪ್ರೆಸರಿನ ಗಾಳಿ ಕೊಟ್ಟ. ಅಣ್ಣನ ಕೈ ಹಿಡಿದು, ಪೈಪಿನ ಅಡಿಗೆ, ಕಣ್ಣಿಗೆ ಕಾಣದ ಕಡೆಗೆ ತಂದು ಇಟ್ಟ. ಗಾಳಿ ಅಂಗೈಗೆ ಬಡಿಯಿತು. ಅಣ್ಣ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

"ಇದು ಸದ್ದು ಮಾಡ್ತಾ ಇತ್ತಾ?"

"ಹೂಂ" ಅಂತ ತಮ್ಮ ಅವನಿಗೆ ಕಾಣುವ ಹಾಗೆ ತಲೆಯಾಡಿಸಿದ.

"ನಿನಗೆ ಯಾವತ್ತು ಕೇಳಿಸ್ತು?"

"ಮಂಗಳವಾರ."

"ಮತ್ತೆ ಆರು ದಿನ ನನ್ನ ಕೈಗೆ ಸ್ಪ್ಯಾನರ್ ಕೊಡ್ತಾ ನಿಂತಿದ್ದೆಯಲ್ಲೋ. ನಾನು ಕಿವುಡ ಅಂತ ಗೊತ್ತಿದ್ದೂ?"

"ಇಲ್ಲ ಅಣ್ಣ, ಅದು ಗೊತ್ತಿರಲಿಲ್ಲ. ನೀನು ದಡ್ಡ ಅಂದ್ಕೊಂಡಿದ್ದೆ."

ಅಣ್ಣ ಬೈಯುತ್ತಾನೆ ಅಂತ ತಮ್ಮ ಕಾದ. ಬೈದಿದ್ದರೆ ಚೆನ್ನಾಗಿತ್ತು. ಅಣ್ಣ ಟೈರಿನ ಮೇಲೆ ಕೂತು, ಕೈ ಒರೆಸಿಕೊಂಡ.

"ಒಂದು ವರ್ಷ ಆಯ್ತು. ದಪ್ಪ ಸದ್ದು ಕೇಳುತ್ತೆ, ಸಿಳ್ಳೆ ಥರ ಚೂಪಾದದ್ದು ಎಷ್ಟು ಜೋರಿದ್ರೂ ಕೇಳಲ್ಲ. ಇದ್ದದ್ದರಲ್ಲೇ ಹೊಂದಿಸ್ಕೊಂಡು ಬಂದೆ."

"ಅತ್ತಿಗೆಗೆ ಗೊತ್ತಾ?"

"ಅವಳು ಜಂಬ ಅಂದ್ಕೊಂಡಿದ್ದಾಳೆ. ಇರಲಿ ಅಂತ ಬಿಟ್ಟಿದೀನಿ." ಅಣ್ಣ ತಮ್ಮನ ಕಡೆ ತಿರುಗಿದ: "ನೀನೂ ನನ್ನನ್ನ ದಡ್ಡ ಅಂತಾನೇ ಇಟ್ಕೋ. ಡಾಕ್ಟರಮ್ಮ ಕೇಳಿದ್ರೆ ಹಾಗೇ ಹೇಳು. ಎಲ್ಲರ ಮುಂದೇನೇ ಹೇಳು. ದಡ್ಡನ ಹತ್ತಿರ ಗಾಡಿ ಬಿಟ್ಟಾರು. ಕಿವುಡನ ಹತ್ತಿರ ಬಿಡಲ್ಲ."

ಸಂಜೆ ಹೊಸ ಪೈಪು ಹಾಕಿಸಿಕೊಂಡ ಗಾಡಿ ಟ್ಯಾಂಕಿನ ಏರನ್ನು ಮೂರನೇ ಗೇರಿನಲ್ಲಿ ಹತ್ತಿ ಇಳಿದು ಬಂತು. ಎದುರಿನ ಟೈಲರು ಹೊಲಿಗೆ ಬಿಟ್ಟು ಬಂದು ನಿಂತಿದ್ದ, ಬಿಡಿಭಾಗದ ಅಂಗಡಿಯವನೂ ಬಂದಿದ್ದ. ಆರು ದಿನದ ತಮಾಷೆಯ ಕೊನೆ ನೋಡದೆ ಬಿಡುವವರೇ ಅವರು?

"ಏನಾಗಿತ್ತು?" ಅಂತ ಕೇಳಿದರು ಡಾಕ್ಟರಮ್ಮ.

ತಮ್ಮ ಈಗ ಹೇಳಬೇಕಾಗಿದ್ದದ್ದು ಎಷ್ಟೋ ವರ್ಷದಿಂದ ಕನಸಿನಲ್ಲಿ ಚಪ್ಪರಿಸಿಕೊಂಡು ಹೇಳಿದ್ದ ಮಾತನ್ನೇ.

"ಏನಿಲ್ಲ ಡಾಕ್ಟ್ರೇ, ಒಂದು ಪೈಪು ಸೀಳಿತ್ತು, ಅಷ್ಟೇ. ನಮ್ಮಣ್ಣ ದಡ್ಡ. ಕೇಳಿಸಿದ್ರೂ ತಲೆಗೆ ಹೋಗಲಿಲ್ಲ, ಸುಮ್ಮನೆ ಇಂಜಿನ್ ಬಿಚ್ಚಿ ಕೂತ."

ಟೈಲರು ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಗಡಿಯವನು ಅವನ ಬೆನ್ನಿಗೆ ಗುದ್ದಿ ನಕ್ಕ. ಅಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿ, ತಮ್ಮ ಹೇಳಬೇಕಾದ್ದನ್ನು ಹೇಳಿ ಮುಗಿಸಿದ್ದಾನೆ ಅಂತ ಗೊತ್ತುಮಾಡಿಕೊಂಡು, ಎಲ್ಲರಿಗಿಂತ ಕೊನೆಗೆ ತಾನೂ ನಕ್ಕ.